ಬೈಲಾದ ಕರಡು ಬಂದಾಗ ಸೂರಿನ ಮಾತು ಸೇರಿಸುವುದು ಹೇಗೆ

ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿಯ ಮೇಲೆ ಕೂತು ಇಪ್ಪತ್ತಾರು ವರ್ಷದಿಂದ ಮನೆ ಪ್ಲಾನು ಬರೆಯುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯವರೇ ಹೆಚ್ಚು. ಮಕ್ಕಳ ಓದಿಗೆಂದು ಶಿವಮೊಗ್ಗದಲ್ಲಿ ಮೂವತ್ತು-ನಲವತ್ತರ ಸೈಟು ಹಿಡಿದಿರುತ್ತಾರೆ. ಪಾಯ, ಕಂಬದ ಮಾತು ಆಮೇಲೆ. ಮೊದಲ ಪ್ರಶ್ನೆ, "ಮೇಡಂ, ಟೆರೇಸ್ ಮೇಲೆ ಸೀಟು ಹಾಕ್ಲಿಕ್ಕೆ ಬಿಡ್ತಾರಲ್ಲ?" ಸೀಟು ಅಂದರೆ ಶೀಟು, ತಗಡಿನ ಮಾಡು. ಮೂರಡಿ ಸೂರು ಇಳಿಸಿದ ಹೆಂಚಿನ ಮಾಡಿನಡಿ ಬೆಳೆದವರಿಗೆ ಬೋಳು ತಾರಸಿ ಕಂಡರೆ ಜೂನ್ ತಿಂಗಳಲ್ಲಿ ನಿದ್ದೆ ಹತ್ತುವುದಿಲ್ಲ.

ಸೂರು ಎಷ್ಟು ಚಾಚಬಹುದು, ಸೀಟಿನ ಕೆಳಗಿನ ಜಾಗವನ್ನು ಮಹಡಿ ಎಂದು ಎಣಿಸಬೇಕೇ ಎನ್ನುವುದೆಲ್ಲ ನಿಯಮದ ಪುಸ್ತಕಕ್ಕೆ ಬಿಟ್ಟದ್ದು. ಆ ಪುಸ್ತಕ ಆಗಾಗ ಬದಲಾಗುತ್ತದೆ, ಬದಲಾಗುವ ಮೊದಲು ಕರಡು ಹೊರಡಿಸಿ ನಮ್ಮನ್ನು ಒಮ್ಮೆ ಕೇಳುತ್ತದೆ. ಕೇಳಿದ್ದು ನಮಗೆ ಗೊತ್ತೇ ಆಗುವುದಿಲ್ಲ, ಅಷ್ಟೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಪುಸ್ತಕ ಒಂದಲ್ಲ, ಎರಡು. ಒಂದು ಕಟ್ಟಡ ಉಪವಿಧಿ, ನಾವು ಬೈಲಾ ಅನ್ನುವುದು. ಇದು 1976ರ ಪೌರ ನಿಗಮಗಳ ಕಾಯ್ದೆಯಡಿ ಪಾಲಿಕೆಗೆ ಸೇರಿದ್ದು. ಇನ್ನೊಂದು ವಲಯ ನಿಯಮಾವಳಿ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಜೊತೆ ಬರುತ್ತದೆ. ನಮ್ಮಲ್ಲಿ ಅದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಸೂಡಾದ ಕೆಲಸ. ಮೆಟ್ಟಿಲ ಅಗಲ, ಕಿಟಕಿ, ಅರ್ಜಿಯ ಕ್ರಮ ಹುಡುಕುವವರು ಮೊದಲನೆಯದನ್ನು ತೆರೆಯಿರಿ. ಯಾವ ಬೀದಿಯಲ್ಲಿ ಅಂಗಡಿ, ಯಾವ ಬೀದಿಯಲ್ಲಿ ಬರೀ ಮನೆ ಎನ್ನುವುದು ಎರಡನೆಯದರಲ್ಲಿದೆ. ಸೆಟ್‌ಬ್ಯಾಕ್ (ಸೈಟಿನ ಗಡಿಯಿಂದ ಬಿಡಬೇಕಾದ ಜಾಗ) ಹಾಗೂ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಕಟ್ಟಬಹುದೆಂಬ ಲೆಕ್ಕ) ಎರಡರಲ್ಲೂ ಇಣುಕುವುದರಿಂದ ಎರಡನ್ನೂ ನೋಡದೆ ವಿಧಿಯಿಲ್ಲ. ನನ್ನ ಮೊಟ್ಟಮೊದಲ ಆಕ್ಷೇಪಣೆಯನ್ನು ಒಂದು ಕಚೇರಿಗೆ ಕೊಟ್ಟು ಬಂದೆ. ಅದು ಬೇರೆ ಕಚೇರಿಗೆ ಸೇರಿದ್ದೆಂದು ಅಲ್ಲಿ ಯಾರೂ ಹೇಳಲಿಲ್ಲ, ಠಸ್ಸೆ ಒತ್ತಿ ಒಳಗಿಟ್ಟುಕೊಂಡರು. ಅವಧಿ ಮುಗಿದ ಮೇಲೆ ವಿಷಯ ತಿಳಿಯಿತು.

ಇವಕ್ಕೆಲ್ಲ ಮೂಲ ಮೇಲೆಲ್ಲೋ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಬಂತು. 1983, 2005, 2016ರಲ್ಲಿ ತಿದ್ದಿದರು. 2016ರಲ್ಲೇ ಕೇಂದ್ರದ ಮಾದರಿ ಬೈಲಾ ಕೂಡ ಬಂತು. ಇವು ತಾವಾಗಿ ನಿಮ್ಮ ಮನೆಯ ಮೇಲೆ ಜಾರಿಯಾಗುವುದಿಲ್ಲ. ರಾಜ್ಯವೋ ಪಾಲಿಕೆಯೋ ತನ್ನ ನಿಯಮದಲ್ಲಿ ಬರೆದುಕೊಂಡರೆ ಮಾತ್ರ ಲಾಗೂ. ರಾಜ್ಯ ಒಂದು ಮಾದರಿ ಮಾಡಿದರೆ ಅದು ಕಲಬುರಗಿಗೂ ಅದೇ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಪಕ್ಕದ ಊರಿಗೂ ಅದೇ. ಬಿಸಿಲೂರಿನ ಛತ್ರಿ ಮಲೆನಾಡಿಗೆ ಸಾಕಾಗುವುದಿಲ್ಲ. ನಮ್ಮ ಮಾತು ಸೇರಿಸಬೇಕಾದ ಜಾಗವೂ ಇದೇ.

ಕರಡು ಯಾವಾಗ ಬರುತ್ತದೆ? ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆಯಲ್ಲಿದೆ. ಕರಡು ಪ್ರಕಟವಾದ ದಿನದಿಂದ ಸಾರ್ವಜನಿಕರಿಗೆ ಆಕ್ಷೇಪಣೆ ಹೇಳಲು 60 ದಿನ. ನಡುವೆ ಬರುವ ಬಿಡಿ ತಿದ್ದುಪಡಿಗಳಿಗೆ ಅವಧಿ ಕಡಿಮೆ ಇರಬಹುದು, ಅಧಿಸೂಚನೆಯಲ್ಲೇ ಬರೆದಿರುತ್ತದೆ. ರಾಜ್ಯಪತ್ರ, ಅಂದರೆ ಸರ್ಕಾರದ ಗೆಜೆಟ್, ಗುರುವಾರ ಗುರುವಾರ ಬರುತ್ತದೆ, ವಿಶೇಷ ಸಂಚಿಕೆಗೆ ವಾರವಿಲ್ಲ. ಪೇಪರಿನ ಟೆಂಡರ್ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರಕಟಣೆ ಇರುತ್ತದೆ, ಅದನ್ನು ಹರಿದಿಟ್ಟುಕೊಳ್ಳಿ. ದಿನ ಎಣಿಸಲು ಬೇಕಾಗುತ್ತದೆ.

ಓದುವಾಗ ಮೊದಲ ಪುಟದಿಂದ ಶುರುಮಾಡಬೇಡಿ, ನಿದ್ದೆ ಬರುತ್ತದೆ. ಕೊನೆಯ ಕೋಷ್ಟಕಗಳನ್ನು ಹಳೆಯದರ ಪಕ್ಕ ಇಟ್ಟು ಅಂಕಿ ಹೋಲಿಸಿ. ಆಮೇಲೆ ಮೂರು ಪದ ಹುಡುಕಿ. "ತಕ್ಕದ್ದು" ಅಂದರೆ ಮಾಡಲೇಬೇಕು. "ಬಹುದು" ಅಂದರೆ ಅಧಿಕಾರಿಯ ಮರ್ಜಿ. "ಪರಂತು" ಅಂದರೆ "ಆದರೆ", ಅದು ಕಂಡಲ್ಲಿ ಪೂರ್ತಿ ನಿಲ್ಲಿ. ಮೇಲಿನ ಸಾಲು ಕೊಟ್ಟದ್ದನ್ನು ಕೆಳಗಿನ ಪರಂತು ಕಿತ್ತುಕೊಂಡಿರುತ್ತದೆ. ತುದಿಯಲ್ಲಿ "ನಿರಸನ ಮತ್ತು ಉಳಿಸುವಿಕೆ" (ಹಳೆಯದರಲ್ಲಿ ಯಾವುದು ರದ್ದು, ಯಾವುದು ಉಳಿಯುತ್ತದೆ) ಎಂಬ ತಲೆಬರಹ ಇದ್ದರೆ ಅದನ್ನು ಎರಡು ಸಲ ಓದಿ. ಈಗಾಗಲೇ ಮಂಜೂರಾದ ನಕ್ಷೆಗಳ ಗತಿ ಅಲ್ಲಿದೆ.

ಇನ್ನು ಬರೆಯುವುದು. "ನಮ್ಮ ಕಡೆ ಮಳೆ ಜಾಸ್ತಿ, ದಯಮಾಡಿ ಗಮನಿಸಿ" ಎಂದು ಮೂರು ಪುಟ ಗೋಳು ತೋಡಿಕೊಂಡರೆ ಅದು "ಪರಿಶೀಲಿಸಲಾಗುವುದು" ಎಂಬ ಗುಂಪಿಗೆ ಹೋಗುತ್ತದೆ. ನಾನೂ ಹಾಗೇ ಕಳೆದುಕೊಂಡಿದ್ದೇನೆ. ಎರಡನೇ ಸಲ ಅಳೆದುಕೊಂಡು ಹೋದೆ. ಜುಲೈನಲ್ಲಿ, ಗಾಳಿಮಳೆ ಹೊಡೆದ ಮರುದಿನ, ನಾನೇ ಪ್ಲಾನು ಬರೆದ ಎರಡು ಮನೆಗಳಿಗೆ ಟೇಪು ಹಿಡಿದು ಹೋದೆ. ಒಂದರ ಸೂರು ಒಂದೂವರೆ ಅಡಿ. ಎರಚಲು ಕಿಟಕಿಯ ತಳ ದಾಟಿ ಗೋಡೆ ನೆನೆದಿತ್ತು, ಒಳಗೆ ಬಣ್ಣ ಉಬ್ಬಿತ್ತು. ಇನ್ನೊಂದರ ಸೂರು ಎರಡೂಮುಕ್ಕಾಲು ಅಡಿ. ಗೋಡೆ ಬುಡದಲ್ಲಿ ಮಾತ್ರ ಒದ್ದೆ. ಸೂರಿನ ತುದಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆ. ಅದು ಕಾಂಪೌಂಡಿನಿಂದ ಆರಿಂಚು ಒಳಗೆ ನಿಂತಿತು. ಅಂದರೆ ನೀರು ಪಕ್ಕದವರ ಸೈಟಿಗೆ ಬೀಳುವುದಿಲ್ಲ. ಗಾಳಿ ಬೀಸಿದರೆ? ಅದಕ್ಕೇ ಸೂರಿಗೆ ದೋಣಿ, ಅಂದರೆ ನೀರು ಹಿಡಿಯುವ ಕಾಲುವೆ, ಕಟ್ಟಿಸಬೇಕು ಅನ್ನುವುದನ್ನೂ ಸೇರಿಸಿದೆ. ಫೋಟೊದಲ್ಲಿ ಟೇಪಿನ ಅಂಕಿ ಕಾಣುವ ಹಾಗೆ ತೆಗೆದೆ.

ಅರ್ಜಿ ಒಂದೇ ಪುಟ. ಮೇಲೆ ಕರಡಿನ ಅಧಿಸೂಚನೆ ಸಂಖ್ಯೆ, ದಿನಾಂಕ, ಖಂಡದ ಸಂಖ್ಯೆ. ಕೆಳಗೆ ಎರಡು ಅಂಕಣ: ಕರಡಿನಲ್ಲಿ ಇರುವುದು, ಇರಬೇಕಾದ್ದು. ನಾನು ಬರೆದ ಸಾಲು ಇದು: "ತಾರಸಿಯ ಮೇಲೆ ಮಳೆ ತಡೆಗಾಗಿ ಮಾತ್ರ ಹಾಕಿದ, ಗೋಡೆಯಿಲ್ಲದ ಇಳಿಜಾರು ಮಾಡನ್ನು ಮಹಡಿಯೆಂದು ಎಣಿಸತಕ್ಕದ್ದಲ್ಲ, ಪರಂತು ಅದರ ನೀರು ಸ್ವಂತ ನಿವೇಶನದೊಳಗೇ ಇಳಿಯತಕ್ಕದ್ದು." ಅವರ ಭಾಷೆಯಲ್ಲೇ ಬರೆದುಕೊಟ್ಟರೆ ಗುಮಾಸ್ತರಿಗೆ ನಕಲು ಸುಲಭ. ಪರಂತುವನ್ನು ನಾವೇ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು, ಅವರು ಕೆಟ್ಟದ್ದೊಂದನ್ನು ಹುಡುಕುವ ಮೊದಲು.

ಒಂದು ಅರ್ಜಿಗೆ ಒಂದೇ ವಿಷಯ. ಪಾಯದ ಎತ್ತರದ ಬಗ್ಗೆ ಬೇರೆ ಅರ್ಜಿ ಹಾಕಿ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತೆಂದರೆ ಊರೆಲ್ಲ ತುಂಗೆ ನೋಡಲು ಓಡುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆಯೇ ತಗ್ಗಿನ ಬಡಾವಣೆಗಳನ್ನು ನೋಡಲು ಬಂತು. ಆಗ ಗೋಡೆ ಮೇಲೆ ಉಳಿದ ಕೆಸರಿನ ಗೆರೆ ಇನ್ನೂ ಇದ್ದರೆ ರಸ್ತೆಮಟ್ಟದಿಂದ ಅಳೆದು ಬರೆಯಿರಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಪಾಯ ತಗ್ಗಾಗುವುದನ್ನೂ ಬರೆಯಿರಿ.

ಕೊಡುವಾಗ ಎರಡು ಪ್ರತಿ. ಒಂದಕ್ಕೆ ಟಪಾಲು ವಿಭಾಗದಲ್ಲಿ ದಿನಾಂಕದ ಮೊಹರು ಹಾಕಿಸಿ ವಾಪಸ್ ತನ್ನಿ. "ನಾಳೆ ಬನ್ನಿ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಜಗಳ ಬೇಡ. ಬೈಲಾದ ವಿಷಯವಾದರೆ ಒಂದು ಪ್ರತಿಯನ್ನು ಪಾಲಿಕೆಯ ನಗರ ಯೋಜನೆ ಸ್ಥಾಯಿ ಸಮಿತಿಗೂ ಕೊಡಿ. ಚುನಾಯಿತ ಕೌನ್ಸಿಲ್ ಇಲ್ಲದ ಕಾಲವಾದರೆ ಆಡಳಿತಾಧಿಕಾರಿಗೆ.

ಇದೆಲ್ಲ ಯಾರಿಗೆ ಬೇಕು, ಕಟ್ಟಿದ ಮೇಲೆ ನೋಡಿಕೊಳ್ಳೋಣ ಅನ್ನುವವರು ಈಚೆಗೆ ಕಡಿಮೆಯಾಗಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನ ಪತ್ರ (ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂಬ ಪತ್ರ) ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದ ಮೇಲೆ ಜನಕ್ಕೆ ಬೈಲಾ ಎಂದರೆ ಏನೆಂದು ತಿಳಿಯಿತು.

ಅಂತಿಮ ಅಧಿಸೂಚನೆ ಬಂದಾಗ ನಿಮ್ಮ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನಿಮ್ಮ ಆಕ್ಷೇಪಣೆಯ ಮೇಲೆ ಬರೆದ ಟಿಪ್ಪಣಿ ಹಾಳೆಯ ನಕಲು ಕೇಳಿ. ಉತ್ತರಕ್ಕೆ 30 ದಿನ. ಮೊಹರು ಬಿದ್ದ ಆ ಪ್ರತಿಯ ಜೆರಾಕ್ಸನ್ನೇ ಜೊತೆಗಿಡಿ, ಮೂಲವನ್ನು ಕೊಡಬೇಡಿ.