ಒಳಗೆ ಕಂಬವೇ ಇಲ್ಲದ ಗೋಡೆ: ಕಲ್ಲಿದ್ದಲು ಕಂಪನಿ ಮನೆ ನಿಲ್ಲಿಸಿದ ನನ್ನ ಅನುಭವ

ಈ ಜನವರಿಲಿ ಒಂದಿನ ಬೆಳಗ್ಗೆ ಹೊರಗೆ ಮೈನಸ್ 15 ಹತ್ರ ಇತ್ತು, ಒಳಗೆ ಒಂದೇ ಒಂದು ಮಿನಿ ಸ್ಪ್ಲಿಟ್ (ಬಿಸಿ ಗಾಳಿನೂ ಕೊಡೋ ಗೋಡೆ ಎಸಿ) ಮೇಲೆ 20 ಡಿಗ್ರಿ ಅಲ್ಲಾಡದೆ ನಿಂತಿತ್ತು. ಅದಕ್ಕೇ ಇವತ್ತು ಬರೀತಿದೀನಿ, ಅದಕ್ಕೆ ಮುಂಚೆ ಬರೆಯೋಕೆ ನನಗೆ ಧೈರ್ಯ ಇರ್ಲಿಲ್ಲ. ಮೂರು ಜನ ಕಂಟ್ರಾಕ್ಟರ್‌ಗಳು ಬಂದು ನೋಡಿ, ಗೋಡೆ ಮೇಲೆ ಎರಡು ಸಲ ಗುದ್ದಿ, ಕೆಡವಿ ಹಾಕಿ ಅಂದಿದ್ರು. ಹೊಳೇಲಿ ಹುಣಸೆಹಣ್ಣು ತೊಳೆಯೋ ಕೆಲಸ ಅಂತಾರಲ್ಲ ನಮ್ಮಲ್ಲಿ, ಅವರ ಮುಖದಲ್ಲಿ ಅದೇ ಮಾತು ಕಾಣ್ತಿತ್ತು.

ಮನೆ ಇರೋದು ಅಮೆರಿಕದ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡವೆಲ್ ಕೌಂಟಿಲಿ, ಟಗ್ ಫೋರ್ಕ್ ನದಿಗೆ ಸೇರೋ ಒಂದು ಹಳ್ಳದ ಮೇಲೆ, ಗಣಿ ಕೆಲಸಗಾರರಿಗೆ ಅಂತ ಕಂಪನಿ ಕಟ್ಟಿಸಿದ ಹಳೇ ಕೋಲ್ ಕ್ಯಾಂಪಿನ ಮೂರನೇ ಸಾಲು. 1950ರಲ್ಲಿ ಈ ಕೌಂಟಿಲಿ 99 ಸಾವಿರ ಜನ ಹತ್ರ ಇದ್ರು, 2020ರ ಸೆನ್ಸಸ್‌ನಲ್ಲಿ 19 ಸಾವಿರ ಚಿಲ್ಲರೆ. ನಮ್ಮ ಸಾಲಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಮನೆ, ಈಗ ಐದು, ಅದರಲ್ಲಿ ಎರಡರಲ್ಲಿ ಮಾತ್ರ ದೀಪ ಹತ್ತುತ್ತೆ. ನನ್ನ ಕೆಲಸ ಚಾರ್ಲ್ಸ್‌ಟನ್‌ನಲ್ಲಿ, ಎರಡು ಗಂಟೆ ಡ್ರೈವ್, ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್, ಹೀಗೇ ನಾಲ್ಕು ವರ್ಷ. ಯಾಕೆ ಅಂತ ಹೆಂಡತಿನೂ ಕೇಳಿದ್ಲು. ನಾನು ಹುಟ್ಟಿ ಬೆಳೆದಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ ಕಡೆ ಲೈನ್ ಮನೆಲಿ, ಬಿದಿರು ತಟ್ಟಿ ಗೋಡೆಗೆ ಮಣ್ಣು ಮೆತ್ತಿದ ಮನೆ, ಗಣಿ ಕಂಪನಿದೇ ಮನೆ, ಕಂಪನಿದೇ ನಲ್ಲಿ, ಕಂಪನಿದೇ ಆಸ್ಪತ್ರೆ. 2001ರಲ್ಲಿ ಗಣಿ ಮುಚ್ಚಿದಾಗ ಅಪ್ಪ ಒಂದು ವಾರ ಬಾಗಿಲಲ್ಲೇ ಕೂತಿದ್ರು. ಇಲ್ಲಿ ಈ ಸಾಲುಮನೆಗಳನ್ನ ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ಇಳಿದುಬಿಟ್ಟೆ.

ಬೆಲೆ 8,500 ಡಾಲರ್. ಅಗ್ಗ ಅನ್ಸುತ್ತೆ, ಆದ್ರೆ ಕ್ರಯಪತ್ರ ಓದಿ. ಮೇಲಿನ ನೆಲ ಮಾತ್ರ ನಮ್ದು, ಕೆಳಗಿನ ಕಲ್ಲಿದ್ದಲು, ಗ್ಯಾಸ್ ಎಲ್ಲ ನೂರು ವರ್ಷದ ಹಿಂದೆನೇ ಬೇರೆಯವರ ಹೆಸರಿಗೆ ಬರೆದು ಆಗಿದೆ. ಲಾಯರ್‌ಗೆ 900 ಕೊಟ್ಟೆ, ಎರಡು ಸಲ ವೆಲ್ಚ್ ಊರಿನ ಕೋರ್ಟ್‌ಹೌಸ್ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲ ಮೇಲೇನೇ 1921ರ ಆಗಸ್ಟ್ 1ಕ್ಕೆ ಸಿಡ್ ಹ್ಯಾಟ್‌ಫೀಲ್ಡ್‌ನ ಗುಂಡು ಹೊಡೆದು ಕೊಂದಿದ್ದು, ಕೈಲಿ ಆಯುಧ ಇರ್ಲಿಲ್ಲ, ಪಕ್ಕದಲ್ಲಿ ಹೆಂಡತಿ ಇದ್ಲು. ಅದಕ್ಕೆ ಹಿಂದಿನ ವರ್ಷ ಮೇ ತಿಂಗಳಲ್ಲಿ ಮೇಟ್‌ವನ್ ಊರಲ್ಲಿ ಯೂನಿಯನ್ ಸೇರಿದವರ ಸಾಮಾನು ಮನೆಯಿಂದ ರಸ್ತೆಗೆ ಎಸೆಯೋಕೆ ಬಂದಿದ್ದ ಕಂಪನಿ ಕಡೆಯ ಡಿಟೆಕ್ಟಿವ್‌ಗಳ ಎದುರು ನಿಂತ ಪೊಲೀಸ್ ಮುಖ್ಯಸ್ಥ ಅವನು, ಅವತ್ತು ಹತ್ತು ಜನ ಸತ್ರು. ಎಲ್ಲದರ ಬುಡದಲ್ಲಿ ಇದ್ದಿದ್ದು ಈ ಮನೆಗಳೇ ಸ್ವಾಮಿ. ಕಾನೂನಿನ ಕಣ್ಣಲ್ಲಿ ಕಂಪನಿ ಮನೇಲಿ ಇದ್ದವನು ಬಾಡಿಗೆದಾರನೇ ಅಲ್ಲ, ಒಡೆಯ-ಆಳು ಸಂಬಂಧ, ಕೆಲಸ ಹೋದ ದಿನಾನೇ ಮನೇನೂ ಹೋಯ್ತು. 1920ರ ದಶಕದ ಶುರುವಲ್ಲಿ ವೆಸ್ಟ್ ವರ್ಜೀನಿಯಾದ ಗಣಿ ಕೆಲಸಗಾರರಲ್ಲಿ ನೂರಕ್ಕೆ 80 ಜನ ಹತ್ರ ಇಂಥ ಮನೆಗಳಲ್ಲೇ ಇದ್ರು. ಹಾಗಾಗಿ ಆ ಪತ್ರದ ಮೇಲೆ ನನ್ನ ಹೆಸರು ಬಂದಾಗ ಕೈ ಸ್ವಲ್ಪ ನಡುಗಿದ್ದು ನಿಜ.

ಈಗ ಗೋಡೆ ವಿಷಯ. ಈ ಥರ ಕಟ್ಟಿದ ಮನೇನ ಜೆನ್ನಿ ಲಿಂಡ್ ಅಂತಾರೆ ಇಲ್ಲಿ, ಬಾಕ್ಸ್ ಹೌಸ್ ಅಂತಾನೂ ಅಂತಾರೆ. ಕೆಲಸ ಗೊತ್ತಿರೋರಿಗೆ ಒಂದೇ ಮಾತು ಸಾಕು, ಸ್ಟಡ್ ಇಲ್ಲ, ಅಂದ್ರೆ ಗೋಡೆ ಒಳಗೆ ನಿಲ್ಲಿಸೋ ಮರದ ಕಂಬ ಇಲ್ಲ. ಕೆಳಗೆ ಸಿಲ್ ಅನ್ನೋ ಅಡ್ಡ ತೊಲೆ, ಮೇಲೆ ಪ್ಲೇಟ್ ಅನ್ನೋ ಅಡ್ಡ ಮರ, ಮಧ್ಯೆ ಒಂದಿಂಚು ದಪ್ಪದ ಹಲಗೆ ಉದ್ದುದ್ದ ನಿಲ್ಲಿಸಿ ಮೊಳೆ ಹೊಡೆದು, ಸಂದಿ ಮೇಲೆ ಪಟ್ಟಿ. ಆ ಹಲಗೇನೇ ಗೋಡೆ, ಆ ಹಲಗೇನೇ ಕಂಬ, ಛಾವಣಿ ಭಾರನೂ ಅದರ ಮೇಲೇನೇ. ನಾಲ್ಕು ಕೋಣೆ, ಮಧ್ಯೆ ಒಂದು ಚಿಮಣಿ, 28ಕ್ಕೆ 28 ಅಡಿ. ಕಲ್ಲಿದ್ದಲು ಇರೋವರೆಗೆ ನಿಂತರೆ ಸಾಕು ಅಂತ ಕಂಪನಿ ಕಟ್ಟಿಸಿದ್ದು.

ಮೊದಲು ಎತ್ತೋದರಲ್ಲಿ ಕೆಟ್ಟೆ. ಹಿಂದಿನ ಮೂಲೆ ನಾಲ್ಕಿಂಚು ಇಳಿದಿತ್ತು. 20 ಟನ್ನಿನ ಬಾಟಲ್ ಜ್ಯಾಕ್ ಆರು ತಂದೆ, ರೈಲ್ವೆ ಸ್ಲೀಪರ್ ತುಂಡು ಅಡ್ಡಡ್ಡ ಪೇರಿಸಿ ಒಂದೇ ಶನಿವಾರ ಒಂದೂವರೆ ಇಂಚು ಎತ್ತಿಬಿಟ್ಟೆ. ಮಾಮೂಲಿ ಫ್ರೇಮ್ ಮನೆ ಆಗಿದ್ರೆ ತಡೀತಿತ್ತೋ ಏನೋ. ಇಲ್ಲಿ ಪ್ಲೇಟಿಂದ ಹಲಗೆ ಮೊಳೆ ಕಿತ್ತು ಬರೋ ಸದ್ದು ಪಟಪಟ ಅಂತ ಕೇಳಿಸ್ತು, ಚಿಮಣಿ ಬೇರೆ ತನ್ನದೇ ಪಾಯದ ಮೇಲೆ ನಿಂತಿರುತ್ತಲ್ಲ, ಮನೆ ಮೇಲೆ ಹೋಯ್ತು ಅದು ಬರ್ಲಿಲ್ಲ, ಇಟ್ಟಿಗೆ ಸೀಳ್ತು. ಎರಡು ಬಾಗಿಲು ಜಾಮ್. ಅವತ್ತು ರಾತ್ರಿ ಮತ್ತೆ ಇಳಿಸಿ, ಕಾರಲ್ಲೇ ಮಲಗಿದೆ.

ದಾರಿ ತೋರಿಸಿದ್ದು ಪಕ್ಕದ ಮನೆ ಹಿರಿಯರು. ಕಪ್ಪು ಜನಾಂಗದವರು, ಎಂಬತ್ತರ ಮೇಲೆ ವಯಸ್ಸು, ಮೂವತ್ತು ವರ್ಷ ಭೂಮಿ ಒಳಗೆ ಕೆಲಸ ಮಾಡಿ ಈಗ ಮೂಗಿಗೆ ಆಕ್ಸಿಜನ್ ಟ್ಯೂಬ್. ಅವರ ಅಪ್ಪ ಅಲಬಾಮಾದಿಂದ ರೈಲಲ್ಲಿ ಬಂದವರು. ಮೊದಲು ಕೆಳಗಿನ ಸಾಲು ಕರಿಯರಿಗೆ, ಆಚೆ ಸಾಲು ಇಟಲಿ ಹಂಗೇರಿ ಕಡೆಯವರಿಗೆ, ಮೇಲೆ ಗುಡ್ಡದ ಹತ್ರ ಬಾಸ್‌ಗಳ ಮನೆ, ಹಳ್ಳ ಉಕ್ಕಿದ್ರೆ ಮೊದಲು ನೀರು ನುಗ್ತಿದ್ದಿದ್ದು ಇವರ ಸಾಲಿಗೆ. ಅವರು ಹೇಳಿದ್ದು ಇಷ್ಟೇ: ಮನೆ ಇಳಿಯೋಕೆ ಎಷ್ಟು ವರ್ಷ ತಗೊಳ್ತೋ ಏರೋಕೂ ಸ್ವಲ್ಪ ಟೈಮ್ ಕೊಡು. ವಾರಕ್ಕೆ ಒಂದಿಂಚಿನ ಎಂಟನೇ ಒಂದು ಭಾಗ. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಲ್ಲ. ಎಂಟು ತಿಂಗಳು ಹಿಡೀತು. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಮಟ್ಟ ನೋಡ್ತಿದ್ದೆ, ಲೇಸರ್ ಇತ್ತು, ಆದ್ರೆ ನೆಲದ ಕೆಳಗೆ ಮಲಗ್ಕೊಂಡು ಮಾಡೋ ಕೆಲಸಕ್ಕೆ ಟ್ಯೂಬೇ ಸರಿ. ಮನೆ ಹೊತ್ತಿರೋ ನೆಲದಡಿ ಕಂಬಗಳು ಹಳೇವು, ಲೋಕಸ್ಟ್ ಮರದ್ದು, ಹದಿನಾರರಲ್ಲಿ ಐದು ಇನ್ನೂ ಕಬ್ಬಿಣದ ಹಾಗೆ ಇದ್ವು, ಬಿಟ್ಟೆ. ಸಿಲ್ ಕೆರೆದು ನೋಡಿದ್ರೆ ಚೆಸ್ಟ್‌ನಟ್! ರೋಗ ಬಿದ್ದು 1940ರ ದಶಕದ ಹೊತ್ತಿಗೆ ಈ ಬೆಟ್ಟಗಳಲ್ಲಿ ಹೆಚ್ಚುಕಡಿಮೆ ಮುಗಿದೇ ಹೋದ ಮರ. ಅದನ್ನ ಕೆಡವಿ ಲಾರಿಗೆ ತುಂಬಿ ಅಂದಿದ್ರಲ್ಲ ಅಂತ ಇವತ್ತಿಗೂ ಸಿಟ್ಟು ಬರುತ್ತೆ.

ಎರಡನೇ ಸೋಲು ದುಬಾರಿ ಆಯ್ತು. ಎಲ್ಲರ ಹಾಗೆ ನಾನೂ ಗೋಡೆ ಒಳಗಡೆ ಪಟ್ಟಿ ಹೊಡೆದು ಚಳಿ ತಡೆಯೋಕೆ ಫೈಬರ್‌ಗ್ಲಾಸ್ ತುಂಬಿಸಿ ಮೇಲೆ ಡ್ರೈವಾಲ್ (ಜಿಪ್ಸಂ ಹಾಳೆ) ಹಾಕಿದೆ, 2,800 ಡಾಲರ್ ಹತ್ರ. ಡಿಸೆಂಬರಲ್ಲಿ ಸ್ವರ್ಗ, ಮಾರ್ಚ್‌ನಲ್ಲಿ ವಾಸನೆ. ಬಿಚ್ಚಿ ನೋಡಿದ್ರೆ ಹಲಗೆ ಒಳಮೈ ಪೂರ್ತಿ ಕಪ್ಪು ಬೂಷ್ಟು. ಹೊರಗಿಂದ ಪಟ್ಟಿ ಸಂದೀಲಿ ಮಳೆ, ಒಳಗಿಂದ ಅಡುಗೆ ಉಸಿರಿನ ಹಬೆ, ಮಧ್ಯೆ ತಣ್ಣನೆ ಹಲಗೆ, ಒಣಗೋಕೆ ದಾರಿನೇ ಇಲ್ಲ. ಎಲ್ಲ ಕಿತ್ತು ಡಂಪ್‌ಸ್ಟರ್‌ಗೆ. ಗೋಡೆಗೆ ಊದಿದ್ರೆ ಉಬ್ಬಿ ಗಟ್ಟಿಯಾಗೋ ನೊರೆ, ಸ್ಪ್ರೇ ಫೋಮ್‌ನವರು 7,000 ಕೇಳಿದ್ರು, ಕೊಡದೆ ಒಂದು ಕಪಾಟಿನ ಗೋಡೆಗೆ ಎರಡು ಕ್ಯಾನ್ ಕಿಟ್ ತಂದು ಟ್ರೈ ಮಾಡ್ದೆ, ಬೇಸಿಗೆಗೆ ಹಲಗೆ ದೋಣಿ ಹಾಗೆ ಬಾಗ್ತು.

ಆದ್ರೆ ಆ ಕೀಳೋ ಕೆಲಸದಲ್ಲೇ ನನಗೆ ಉತ್ತರ ಸಿಕ್ಕಿದ್ದು. ಹಳೇ ಪ್ಯಾನೆಲಿಂಗ್ ಕೆಳಗೆ ಹೂವಿನ ವಾಲ್‌ಪೇಪರ್, ಅದರ ಕೆಳಗೆ ತೆಳು ಬಟ್ಟೆ, ಅದರ ಕೆಳಗೆ ನ್ಯೂಸ್‌ಪೇಪರ್, ಒಂದಲ್ಲ ಎರಡಲ್ಲ, ಬ್ಲೇಡಲ್ಲಿ ಬಿಡಿಸಿ ಎಣಿಸಿದ್ರೆ ಹನ್ನೊಂದು ಪದರ. ಮೈದಾ ಅಂಟು, ಪದರದ ಮಧ್ಯೆ ಇಲಿ ಕಡಿದ ಗುರುತು, ಒಂದು ಕಡೆ ಮಗುವಿನ ಕೈಯಷ್ಟೇ ಎತ್ತರದಲ್ಲಿ ಪೆನ್ಸಿಲ್ಲಿಂದ ಕೂಡೋ ಲೆಕ್ಕ. ಕಿಟಕಿ ಪಕ್ಕದ್ದು ಮಸಿ ಹಿಡಿದು ಓದೋಕಾಗಲ್ಲ, ಮೂಲೇದು ಇವತ್ತು ಅಂಟಿಸಿದ ಹಾಗೆ, ಚಪ್ಪಲಿ ಅಂಗಡಿ ಜಾಹೀರಾತು ಸ್ಪಷ್ಟ. ಪ್ರತಿ ವರ್ಷ ಚಳಿಗೆ ಮುಂಚೆ ಹೆಂಗಸರು ಹೊಸ ಪದರ ಅಂಟಿಸ್ತಿದ್ರಂತೆ. ಆ ಪೇಪರ್ ಹಿಂದಿನ ಹಲಗೆ ಮಾತ್ರ ಎಲ್ಲೂ ಕೊಳೆತಿರ್ಲಿಲ್ಲ! ಗಾಳಿ ತಡೆದಿದ್ರು, ಆದ್ರೆ ಹಬೆಗೆ ದಾರಿ ಬಿಟ್ಟಿದ್ರು. ಆ ತಾಯಂದಿರಿಗೆ ಗೊತ್ತಿದ್ದಿದ್ದು ಮೂರು ಕಂಟ್ರಾಕ್ಟರ್‌ಗಳಿಗೆ ಗೊತ್ತಿರ್ಲಿಲ್ಲ.

ಸರಿ, ಒಳಗೆ ಏನೂ ಮಾಡೋದು ಬೇಡ, ಕಂಬಳಿ ಹೊರಗಡೆಯಿಂದ ಹೊದಿಸೋಣ ಅಂತ ತೀರ್ಮಾನ. ಹೊರಗಿನ ಪಟ್ಟಿ ತೆಗೆದೆ, ನಂಬರ್ ಹಾಕಿ ಇಟ್ಟೆ. ಹಬೆ ಬಿಡೋ ಮೆಂಬ್ರೇನ್ ಸುತ್ತಿದೆ, ಅದರ ಮೇಲೆ ಗಟ್ಟಿ ಮಿನರಲ್ ವುಲ್ (ಕಲ್ಲಿನ ನಾರು) ಬೋರ್ಡ್ ಒಂದೂವರೆ ಇಂಚಿಂದು ಎರಡು ಪದರ, ಸಂದಿ ಮೇಲೆ ಸಂದಿ ಬರದ ಹಾಗೆ, ಆಮೇಲೆ ಅಡ್ಡಪಟ್ಟಿ, ಗಾಳಿ ಆಡೋಕೆ ಜಾಗ, ಮೇಲೆ ಇಲ್ಲೇ ಸಾ ಮಿಲ್‌ನಲ್ಲಿ ಕುಯ್ಯಿಸಿದ ಪಾಪ್ಲರ್ ಹಲಗೆ, ಅದರ ಮೇಲೆ ಅದೇ ಹಳೇ ಪಟ್ಟಿ. ದೂರದಿಂದ ನೋಡಿದ್ರೆ ಅದೇ ಮನೆ, ನಾಲ್ಕೈದು ಇಂಚು ಮೈ ಬಂದಿದೆ ಅಷ್ಟೆ. ಎಲ್ಲರೂ ಕೇಳಿದ ಪ್ರಶ್ನೆ ಒಂದೇ, ಸ್ಟಡ್ ಇಲ್ಲ, ಸ್ಕ್ರೂ ಯಾವುದನ್ನ ಕಚ್ಚುತ್ತೆ? ಒಂದಿಂಚು ಹಲಗೆ ಸಾಲಲ್ಲ ಅಂತ ಅವರು ಹೇಳಿದ್ದು ಸರಿನೇ. ಅದಕ್ಕೆ ಕೋಣೆ ಒಳಗಡೆ ಸುತ್ತಲೂ ಎರಡು ಎತ್ತರದಲ್ಲಿ ಎರಡಕ್ಕೆ ಆರಿಂಚಿನ ಮರ ಚಪ್ಪಟೆಯಾಗಿ ಬೆಲ್ಟ್ ಹಾಗೆ ಕಟ್ಟಿದೆ, ನೋಡೋರಿಗೆ ಕುರ್ಚಿ ಗೋಡೆಗೆ ತಾಗದಿರೋಕೆ ಹೊಡೆಯೋ ಪಟ್ಟಿ, ಚಿತ್ರ ನೇತಾಕೋ ಪಟ್ಟಿ ಅನ್ಸುತ್ತೆ, ಹೊರಗಿನ ಉದ್ದ ಸ್ಕ್ರೂ ಬಂದು ಕಚ್ಚೋದು ಅದನ್ನೇ, ಜೊತೆಗೆ ಗೋಡೆಗೆ ಓಲಾಡದ ಗಟ್ಟಿತನನೂ ಬಂತು. ಸ್ಕ್ರೂ ಎಷ್ಟು ದೂರಕ್ಕೆ, ಯಾವ ಓರೆಲಿ, ಮೂಲೆಗಳಲ್ಲಿ ಬೆಲ್ಟ್ ಹೇಗೆ ಕೂಡಿಸಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಇನ್ನೆರಡು ಮನೆ ಮಾಡೋ ಆಸೆ ಇದೆ. ಒಂದು ಮಾತ್ರ ಹೇಳ್ತೀನಿ, ಮಳೆಗಾಲದಲ್ಲಿ ಊದಿದ ಹಲಗೆಗೆ ಬಿಗಿಬೇಡಿ, ಸೆಪ್ಟೆಂಬರ್ ಕೊನೆಗೆ ಬಿಗೀರಿ.

ಮಧ್ಯೆ ಒಂದೆರಡು ಅಡ್ಡದಾರಿನೂ ಹಿಡಿದೆ. ಇಲ್ಲಿನ ಪೋಕಹಾಂಟಸ್ ಸೀಮ್ ಅನ್ನೋ ಪದರದ ಕಲ್ಲಿದ್ದಲು ಹೊಗೆ ಕಮ್ಮಿ ಅಂತ ಹೆಸರುವಾಸಿ, ನನ್ನ ನೆಲದಡಿಯಿಂದಾನೇ ತೆಗೆದಿದ್ದು, ಮನೆಯ ಹಳೇ ಒಲೇಲಿ ಅದನ್ನೇ ಉರಿಸಬೇಕು ಅಂತ ಚಿಮಣಿ ಸರಿ ಮಾಡಿಸಿ ಒಂದು ಪಿಕಪ್ ಲೋಡ್ ತಂದೆ, 90 ಡಾಲರೋ ಏನೋ. ಶಾಖ ಅಂದ್ರೆ ಶಾಖ, ಆದ್ರೆ ಎರಡನೇ ರಾತ್ರಿ ಮೂರು ಗಂಟೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಡ್ಕೊಂತು. ಗಾಳಿ ತಡೆದ ಮನೇಲಿ ಆ ಒಲೆ ನಡೆಯಲ್ಲ, ಸೋರೋ ಮನೆಗೇ ಮಾಡಿದ ಒಲೆ ಅದು. ನಿಲ್ಲಿಸಿದೆ, ನೀವೂ ಕೈ ಹಾಕಬೇಡಿ.

ಇನ್ನೊಂದು, ಅಡುಗೆಮನೆ ನೆಲದ ಹಲಗೆ ಕೆಳಗೆ ಒಂದು ಸ್ಕ್ರಿಪ್ ಸಿಕ್ತು, ಹಿತ್ತಾಳೆದು, 5 ಸೆಂಟಿಂದು, ಮಧ್ಯೆ ಆಕಾರ ಕತ್ತರಿಸಿದ್ದು. ಸಂಬಳ ಬರೋಕೆ ಮುಂಚೆ ಮುಂಗಡ ಬೇಕು ಅಂದವರಿಗೆ ಕಂಪನಿ ಕೊಡ್ತಿದ್ದ ನಾಣ್ಯ, ನಡೀತಿದ್ದಿದ್ದು ಕಂಪನಿ ಅಂಗಡೀಲೇ, ಬಾಡಿಗೆ, ಕಲ್ಲಿದ್ದಲು, ಡಾಕ್ಟರ್ ಎಲ್ಲ ಮುರಿದು ಕೈಗೆ ಉಳೀತಿದ್ದಿದ್ದು ಏನೂ ಇಲ್ಲ ಅನ್ನೋ ತಿಂಗಳೂ ಇರ್ತಿತ್ತಂತೆ. ಕೆಜಿಎಫ್ ಅಮ್ಮನ ಅಭ್ಯಾಸ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಚಿನ್ನದ ಹಾಗೆ ಹೊಳೀತು. ಒಬ್ಬ ಸಂಗ್ರಹಕಾರರಿಗೆ ತೋರಿಸಿದ್ರೆ ಹಳೇ ಬಣ್ಣ ಹೋಯ್ತು, ಬೆಲೆ ಅರ್ಧ ಆಯ್ತು ಅಂದ್ರು. ನನಗೆ ಮಾರೋದಿರ್ಲಿಲ್ಲ, ಆದ್ರೂ ನೂರು ವರ್ಷದ ಕೈ ಗುರುತು ತಿಕ್ಕಿ ತೆಗೆದೆನಲ್ಲ ಅಂತ ಬೇಜಾರಾಯ್ತು. ನಿಮ್ಮ ಕೈಗೆ ಸಿಕ್ಕಿದ್ರೆ ಬರೀ ನೀರಲ್ಲಿ ತೊಳೆದು ಬಿಡಿ.

ದುಡ್ಡಿನ ಲೆಕ್ಕ ಬಾಯಲ್ಲೇ ಹೇಳ್ತೀನಿ, ರಸೀದಿ ಅರ್ಧ ಕಳೆದಿದೆ. ವುಲ್ ಬೋರ್ಡ್ 4,200, ಮೆಂಬ್ರೇನ್ ಮತ್ತೆ ಸ್ಕ್ರೂ 2,000ಕ್ಕೆ ಸ್ವಲ್ಪ ಕಮ್ಮಿ, ಆ ಸ್ಕ್ರೂ ಒಂದೊಂದೂ ಒಂದು ಡಾಲರ್ ಹತ್ರ. ಹಲಗೆ 3,100. ಜ್ಯಾಕ್, ಕಾಂಕ್ರೀಟ್ ಎಲ್ಲ 2,600. ಛಾವಣಿ ತಗಡು 6,000, ಕರೆಂಟ್ ಕೆಲಸ ಮಾತ್ರ ಲೈಸೆನ್ಸ್ ಇರೋರ ಕೈಲೇ ಮಾಡಿಸಿದ್ದು 5,500. ಮನೆ ಬೆಲೆ, ಲಾಯರ್ ಫೀಸು, ಸೋತ 2,800, ಇಲ್ಲಿ ಹೇಳದ ಚಿಲ್ಲರೆ ಖರ್ಚು ಎಲ್ಲ ಸೇರಿ 38 ಸಾವಿರ ಆಸುಪಾಸು. ಕೆಡವಿ ಹೊಸ ರೆಡಿಮೇಡ್ ಮನೆ ಇಡೋಕೆ ಅವರು ಹೇಳಿದ್ದು 95 ಸಾವಿರ. ಮೊದಲ ಚಳೀಲಿ ಕರೆಂಟ್ ಬಿಲ್ 340 ಬಂದಿತ್ತು, ಅದೂ ಒಂದೇ ಕೋಣೇಲಿ ಮುದುರಿಕೊಂಡು. ಈ ಚಳೀಲಿ 115, ನಾಲ್ಕೂ ಕೋಣೆ. ಮೂವರಲ್ಲಿ ಒಬ್ಬ ಕಂಟ್ರಾಕ್ಟರ್ ಫೆಬ್ರವರಿಲಿ ವಾಪಸ್ ಬಂದು ಥರ್ಮಲ್ ಕ್ಯಾಮೆರಾ ಹಿಡಿದು ಸುತ್ತ ಹಾಕಿದ್ರು, ಬೆಲ್ಟ್ ಹೇಗೆ ಕಟ್ಟಿದೆ ಅಂತ ಎರಡು ಸಲ ಕೇಳಿದ್ರು. ಕಾಫಿ ಕೊಟ್ಟೆ, ಅದನ್ನ ಹೇಳ್ಲಿಲ್ಲ.

ಪಕ್ಕದ ಹಿರಿಯರು ಆ ಮೈನಸ್ 15ರ ದಿನಾನೇ ಬಂದ್ರು, ಆಕ್ಸಿಜನ್ ಸಿಲಿಂಡರ್ ಗಾಲಿ ಎಳ್ಕೊಂಡು. ಪೇಪರ್ ಪದರ ಒಂದು ಗೋಡೇಲಿ ಹಾಗೇ ಬಿಟ್ಟು ಗಾಜು ಹಾಕಿದೀನಿ, ಅದನ್ನ ನೋಡಿ ಏನೂ ಮಾತಾಡ್ಲಿಲ್ಲ. ಉತ್ತರದ ಗೋಡೆಗೆ ಹೋಗಿ ಅಂಗೈ ಇಟ್ರು. ಚಿಕ್ಕೋರಿದ್ದಾಗ ಈ ಕಡೆ ಗೋಡೆಗೆ ತಲೆ ಹಾಕಿ ಮಲಗ್ತಿರ್ಲಿಲ್ಲವಂತೆ, ಬೆಳಗ್ಗೆ ಎದ್ರೆ ಕೂದಲು ಹಲಗೆಗೆ ಹಿಮದಲ್ಲಿ ಅಂಟಿರ್ತಿತ್ತಂತೆ. ಅಲ್ಲೇ ಕುರ್ಚಿ ಹಾಕ್ಕೊಂಡು, ತಲೆನ ಗೋಡೆಗೆ ಆನಿಸಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತ್ರು. ಆಮೇಲೆ ಎದ್ದು, ಮುಂದಿನ ಜಗಲಿ ಕಂಬ ಎರಡು ಕೊಳೆತಿದೆ, ಲೋಕಸ್ಟೇ ಹಾಕು, ಪೈನ್ ಹಾಕಬೇಡ ಅಂದ್ರು. ಏಪ್ರಿಲ್‌ಗೆ ಅದೇ ಕೆಲಸ ಇಟ್ಕೊಂಡಿದೀನಿ.