ನಮ್ಮ ಕಾಲೇಜಿನ ಶಿಶುಪಾಲನಾ ಕೇಂದ್ರ: ಶುಲ್ಕ ಎಷ್ಟು ಅಂತ ನಾವು ತೀರ್ಮಾನಿಸಿದ್ದು ಹೀಗೆ

ನಮ್ಮದು ಜಿಲ್ಲಾ ಕೇಂದ್ರದ ಒಂದು ಅನುದಾನಿತ ಪದವಿ ಕಾಲೇಜು. ನಾನು ಗೃಹವಿಜ್ಞಾನದ ಮೇಡಂ ಆಗಿದ್ದರಿಂದ ಸಿಬ್ಬಂದಿಯ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಹೊಣೆ ನನಗೆ ಬಂತು. ಇಂಥದ್ದು ಶುರು ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಮೊದಲು ಶುಲ್ಕದ ಲೆಕ್ಕ ಹಾಕಿ. ಕೋಣೆ, ತೊಟ್ಟಿಲು, ಆಟಿಕೆ ಹೇಗೋ ಹೊಂದಿಸಬಹುದು.

ಕಾಯಂ ಪ್ರಾಧ್ಯಾಪಕರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶ್ರೇಣಿಯ ದೊಡ್ಡ ವೇತನ. ಅದೇ ಕಟ್ಟಡದಲ್ಲಿ ಅತಿಥಿ ಉಪನ್ಯಾಸಕಿ, ಲ್ಯಾಬ್ ಅಟೆಂಡರ್, ಏಜೆನ್ಸಿ ಕಡೆಯಿಂದ ಕಸ ಗುಡಿಸಲು ಬರುವವರೂ ಇದ್ದಾರೆ. ಎಲ್ಲರಿಗೂ ಒಂದೇ ಶುಲ್ಕ ಅಂದರೆ, ಮಗುವನ್ನು ಬಿಡಲು ಬೇರೆ ಜಾಗವೇ ಇಲ್ಲದವರು ಹೊರಗೆ ಉಳಿಯುತ್ತಾರೆ. ಅದಕ್ಕೇ ಕೈಗೆ ಬರುವ ಸಂಬಳದಲ್ಲಿ ನೂರಕ್ಕೆ 4 ರೂಪಾಯಿ ಅಂತ ಇಟ್ಟೆವು. 80,000 ಪಡೆಯುವವರು 3,200 ಕೊಡುತ್ತಾರೆ, 12,000 ಪಡೆಯುವವರು 480. ಸೆಮಿಸ್ಟರ್ ಮುಗಿದು ಅತಿಥಿ ಉಪನ್ಯಾಸಕರಿಗೆ ಸಂಬಳ ನಿಂತ ತಿಂಗಳು ಶುಲ್ಕವೂ ಇಲ್ಲ, ಆದರೆ ಮಗುವಿನ ಜಾಗ ಹಾಗೇ ಇರುತ್ತದೆ. ಜಾಸ್ತಿ ಕೊಡಬೇಕಾದ ಕೆಲವರು ಮೊದಲು ಒಪ್ಪಲಿಲ್ಲ. ಹೊರಗಿನ ದರ ವಿಚಾರಿಸಿ ಬಂದ ಮೇಲೆ ಒಪ್ಪಿದರು.

ಆದರೂ ದುಡ್ಡು ಸಾಲುವುದಿಲ್ಲ. ಯಾಕೆಂದರೆ ಖರ್ಚಿನ ದೊಡ್ಡ ಪಾಲು ಆಯಾಗಳ ಸಂಬಳ. ಅಲ್ಲಿ ಮಾತ್ರ ಜಿಪುಣತನ ಮಾಡಬಾರದು ಅಂತ ನಾನು ಪಟ್ಟು ಹಿಡಿದೆ. ಕೂಸು ಒಬ್ಬರ ಕೈಗೆ, ಒಬ್ಬರ ದನಿಗೆ ಹೊಂದಿಕೊಂಡಿರುತ್ತದೆ. ಸಂಬಳ ಸಾಲದೆ ಆಯಾ ಬಿಟ್ಟುಹೋದರೆ ಮಗು ಊಟ, ನಿದ್ದೆ ಎಲ್ಲಾ ಬಿಡುತ್ತದೆ, ತಾಯಿಗೆ ಪಾಠದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಕೊನೆಗೆ ಕೋಣೆ, ಕರೆಂಟು, ನೀರು ಮತ್ತು ಆಯಾಗಳ ಅರ್ಧ ಸಂಬಳವನ್ನು ಆಡಳಿತ ಮಂಡಳಿ ಒಪ್ಪಿಕೊಂಡಿತು. ಬೇಸಿಗೆ ರಜೆಯಲ್ಲೂ ಆಯಾಗಳಿಗೆ ಸಂಬಳ ಉಂಟು. ಆಫೀಸಿನವರಿಗೆ ಆಗ ರಜೆ ಇರುವುದಿಲ್ಲ, ಅಲ್ವಾ? ಅವರ ಮಕ್ಕಳು ಬರುತ್ತಾರೆ.

ಮಂಡಳಿಯ ಮುಂದೆ ನಾನು ಇಟ್ಟದ್ದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ. 50 ಅಥವಾ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ ಅದರಲ್ಲಿತ್ತು (2025ರ ನವೆಂಬರ್‌ನಿಂದ ಇದೇ ನಿಯಮ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ). ಅದನ್ನೇ ನಾವು ಅಳತೆಗೋಲು ಮಾಡಿಕೊಂಡೆವು. ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ ನ್ಯಾಕ್‌ಗೆ ಕೊಡುವ ವರದಿಯಲ್ಲೂ ಡೇ ಕೇರ್ ಬಗ್ಗೆ ಬರೆಯುವುದುಂಟು. ಆದರೆ ವರದಿಗೆ ಫೋಟೋ ತೆಗೆಯಲು ಸಿಂಗರಿಸಿದ ಕೋಣೆಯಿಂದ ಯಾವ ತಾಯಿಗೂ ಉಪಯೋಗವಿಲ್ಲ.

ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರುವ ತಾಯಿಗೆ ಕಾನೂನು 26 ವಾರ ಹೆರಿಗೆ ರಜೆ ಕೊಡುತ್ತದೆ. ಅಂದರೆ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ಹೆಚ್ಚೂಕಮ್ಮಿ ಆರು ತಿಂಗಳು. ಎದೆಹಾಲಿನ ಜೊತೆ ರಾಗಿ ಸರಿ ಶುರು ಮಾಡುವ ಹೊತ್ತು. ಹಾಗಾಗಿ ನೆಲಮಹಡಿಯ ಕೋಣೆಯಲ್ಲೇ ಒಂದು ಚಿಕ್ಕ ಅಡುಗೆ ಕಟ್ಟೆ, ಹಿಂಡಿಟ್ಟ ಹಾಲಿಗೆ ಫ್ರಿಜ್, ಹಾಲೂಡಿಸಲು ಪರದೆ ಹಾಕಿದ ಮೂಲೆ ಮಾಡಿಸಿದೆವು. ತಾಯಂದಿರಿಗೆ ಪಾಠದ ನಡುವೆ ಬಿಡುವು ಸಿಗುವಂತೆ ಟೈಮ್‌ಟೇಬಲ್ ಹಾಕಲು ಪ್ರಿನ್ಸಿಪಾಲರಿಗೆ ಕೇಳಿಕೊಂಡೆ. ಅಪ್ಪಂದಿರೂ ಮಕ್ಕಳನ್ನು ತಂದು ಬಿಡಬಹುದು, ನಾವು ಭೇದ ಮಾಡಲಿಲ್ಲ.

ನಿಯಮಗಳು ಕಡಿಮೆ, ಆದರೆ ಬಿಗಿ. ರಿಜಿಸ್ಟರಿನಲ್ಲಿ ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ. ಜ್ವರ ಇದ್ದರೆ ಕರೆತರುವಂತಿಲ್ಲ. ಆಯಾಗಳಿಗೆ ಪೊಲೀಸ್ ಪರಿಶೀಲನೆ ಆಗಿರಬೇಕು. ನನ್ನ ವಿದ್ಯಾರ್ಥಿನಿಯರು ಪ್ರಾಕ್ಟಿಕಲ್‌ಗೆ ಬಂದು ಮಕ್ಕಳ ಜೊತೆ ಆಡುತ್ತಾರೆ, ಆದರೆ ಆಯಾಗಳ ಬದಲು ಅವರನ್ನು ಕೂರಿಸುವುದಿಲ್ಲ.

ಶುರುವಿನಲ್ಲಿ ಯಾರಿಗೆ ಬೇಕು ಅಂತ ಸುಮ್ನೆ ಸುತ್ತೋಲೆ ಕಳಿಸಿ ಕೂರಬೇಡಿ. ಗುಡಿಸುವವರ ಹತ್ತಿರ, ಅಟೆಂಡರ್‌ಗಳ ಹತ್ತಿರ ನೀವೇ ಹೋಗಿ ಕೇಳಿ. ಇದು ಮೇಡಂಗಳಿಗೆ ಮಾತ್ರ ಅಂತ ಅವರು ಅಂದುಕೊಂಡಿರುತ್ತಾರೆ.

ಕೂಸು ಇರುವ ವಿದ್ಯಾರ್ಥಿನಿಯರಿಗೂ ಎರಡು ಜಾಗ ಬೇಕು, ಅವರಿಗೆ ಶುಲ್ಕ ಬೇಡ ಅಂತ ಈಗ ಮಂಡಳಿಗೆ ಬರೆದಿದ್ದೇನೆ. ಒಪ್ಪುವವರೆಗೂ ಕೇಳುತ್ತೇನೆ.