ಡ್ರಿಪ್ಪರ್ ಆಮೇಲೆ, ಮೊದಲು ಪೇಪರ್ ನೋಡಿ

ಹೋದ ಮಳೆಗಾಲದಲ್ಲಿ ಒಂದು ಕಾಫಿ ಡ್ರಿಪ್ಪರ್ ತರಿಸಿಕೊಂಡೆ. ಲೋಟದ ಮೇಲಿಟ್ಟು, ಒಳಗೆ ಪೇಪರ್ ಹಾಕಿ, ಕಾಫಿಪುಡಿ ಮೇಲೆ ಬಿಸಿನೀರು ಸುರಿದು ಸೋಸುವ ಸಾಧನ. ಐಸ್‌ಕ್ರೀಮ್ ಕೋನ್ ಥರ ಕೆಳಗೆ ಚೂಪಾಗಿರುತ್ತಲ್ಲ, ಅದು. ಜೊತೆಗೆ ಒಂದು ಕಟ್ಟು ಪೇಪರ್ ಫಿಲ್ಟರನ್ನೂ ತರಿಸಿದೆ. ಪೇಪರ್ ಅಂದ್ರೆ ಪೇಪರ್, ಎಲ್ಲ ಒಂದೇ ಅಲ್ವಾ ಅಂದುಕೊಂಡಿದ್ದೆ. ಬಂದದ್ದು ಚಪ್ಪಟೆ ತಳದ್ದು, ಸುತ್ತ ಸೀರೆ ನೆರಿಗೆ ಹಾಗೆ ಮಡಿಕೆ ಇರುವಂಥದ್ದು. ವಾಪಸ್ ಕಳಿಸೋಕೆ ಬೇಜಾರಾಗಿ, ಅದನ್ನೇ ಕೋನ್ ಒಳಗೆ ಒತ್ತಿ ಕೂರಿಸಿ ನೀರು ಸುರಿದೆ. ಎರಡನೇ ಸಲ ಸುರಿಯುವಾಗ ಪೇಪರ್ ಒಂದು ಪಕ್ಕಕ್ಕೆ ಕುಸಿಯಿತು, ಪುಡಿಯೆಲ್ಲ ಸೀದಾ ಲೋಟಕ್ಕೆ ಇಳಿಯಿತು. ದುರ್ಗದಿಂದ ಬಂದಿದ್ದ ನಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಏನೋ ಇದು, ಚರಟ ಎಲ್ಲಾ ಲೋಟಕ್ಕೇ ಬಂತಲ್ಲೋ! ಸುಮ್ನೆ ಆ ಹಿತ್ತಾಳೆ ಫಿಲ್ಟರ್ ತೊಳಿ, ಡಿಕಾಕ್ಷನ್ ಹಾಕ್ತೀನಿ.”

ಅದಕ್ಕೇ ಹೇಳೋದು, ಮೊದಲು ಪೇಪರ್ ನೋಡಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಯಾವ ಗಲ್ಲಿಗೆ ಹೋದರೂ ಸಿಗುತ್ತದೆ, ಮಂಡಕ್ಕಿ ಮಿರ್ಚಿಯೂ ಸಿಗುತ್ತದೆ, ಆದರೆ ಭಾನುವಾರ ಬೆಳಿಗ್ಗೆ ಡ್ರಿಪ್ಪರ್ ಪೇಪರ್ ಮುಗಿದರೆ ಎದುರಿನ ಅಂಗಡಿಗೆ ಓಡಿ ತರೋಕೆ ಆಗಲ್ಲ. ನಮ್ಮಂಥವರಿಗೆ ಆನ್‌ಲೈನೇ ಗತಿ. ಹಾಗಾಗಿ ಡ್ರಿಪ್ಪರ್‌ಗೆ ದುಡ್ಡು ಕೊಡುವ ಮೊದಲು ಅದರ ಪೇಪರ್ ಸುಲಭವಾಗಿ ಸಿಗುತ್ತಾ, ನೂರರ ಕಟ್ಟು ಎಷ್ಟಾಗುತ್ತೆ ಅಂತ ಹುಡುಕಿ. ದಿನಕ್ಕೊಂದು ಲೋಟ ಕುಡಿಯುವವರಿಗೆ ನೂರು ಹಾಳೆ ಮೂರು ತಿಂಗಳಿಗೂ ಸ್ವಲ್ಪ ಜಾಸ್ತಿ ಬರುತ್ತದೆ. ಡ್ರಿಪ್ಪರ್ ಒಂದೇ ಸಲದ ಖರ್ಚು, ಪೇಪರ್ ಖರ್ಚು ತಪ್ಪಿದ್ದಲ್ಲ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ. ನಿಮಗೆ ಕಾಫಿಗೆ ಹಾಲು ಬೇಕೇ ಬೇಕಾ? ಹಾಗಾದರೆ ಇದನ್ನು ಕೊಳ್ಳಬೇಡಿ. ಡ್ರಿಪ್ಪರ್‌ನಿಂದ ಇಳಿಯುವುದು ಡಿಕಾಕ್ಷನ್ ಅಲ್ಲ, ತೆಳ್ಳಗಿನ ಕಪ್ಪು ಕಾಫಿ. ಅದಕ್ಕೆ ಹಾಲು ಸುರಿದರೆ ಹಾಲೂ ಕೆಡುತ್ತದೆ, ಕಾಫಿಯೂ ಕೆಡುತ್ತದೆ.

ಈಗ ಆಕಾರಕ್ಕೆ ಬರೋಣ. ಮುಖ್ಯವಾಗಿ ಮೂರು ಥರ. ಕೋನ್ ಅಂದರೆ ಎಲ್ಲರಿಗೂ ನೆನಪಾಗುವುದು ಜಪಾನಿನ ಹಾರಿಯೋ ಕಂಪನಿಯ ವಿ60. ಗೋಡೆಗಳ ನಡುವಿನ ಕೋನ 60 ಡಿಗ್ರಿ, ಹೆಸರು ಬಂದದ್ದೇ ಅದರಿಂದ. ಒಳಗೋಡೆಯಲ್ಲಿ ಸುರುಳಿ ಗೆರೆಗಳು ಉಬ್ಬಿರುತ್ತವೆ. ಪೇಪರ್ ಗೋಡೆಗೆ ಅಂಟಿ ಕೂರದ ಹಾಗೆ, ಗಾಳಿ ಹೊರಗೆ ಹೋಗೋಕೆ ಜಾಗ ಇರುವ ಹಾಗೆ ಮಾಡಿದ್ದು. ಕೆಳಗೆ ಒಂದೇ ತೂತು, ಆದರೆ ಬೆರಳು ತೂರುವಷ್ಟು ದೊಡ್ಡದು. ಅಂದರೆ ನೀರನ್ನು ಡ್ರಿಪ್ಪರ್ ತಡೆಯುವುದೇ ಇಲ್ಲ. ಅದು ಎಷ್ಟು ಹೊತ್ತು ಪುಡಿಯಲ್ಲಿ ನಿಲ್ಲಬೇಕು ಅನ್ನೋದು ಪುಡಿಯ ನುಣುಪು ಮತ್ತು ನಿಮ್ಮ ಕೈ, ಎರಡರ ಮೇಲೇ ನಿಂತಿದೆ. ಕೈ ಪಳಗಿದ್ದರೆ ಹಣ್ಣಿನಂಥ ಹುಳಿ, ಹೂವಿನ ಘಮ ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ಪಳಗದಿದ್ದರೆ ಇವತ್ತು ಚೆಂದ, ನಾಳೆ ಕಷಾಯ.

ಎರಡನೆಯದು ಚಪ್ಪಟೆ ತಳದ್ದು. ಕಲಿಟಾ ಕಂಪನಿಯ ವೇವ್ ಈ ಜಾತಿಯದು. ತಳದಲ್ಲಿ ಮೂರು ಸಣ್ಣ ತೂತು. ಪುಡಿ ಎಲ್ಲ ಕಡೆ ಒಂದೇ ದಪ್ಪಕ್ಕೆ ಹರಡಿಕೊಂಡು ಕೂರುತ್ತದೆ, ನೀವು ಆ ಕಡೆ ಸ್ವಲ್ಪ ಜಾಸ್ತಿ ಈ ಕಡೆ ಸ್ವಲ್ಪ ಕಮ್ಮಿ ಸುರಿದರೂ ಅಷ್ಟೇನು ವ್ಯತ್ಯಾಸ ಆಗಲ್ಲ. ಹೊಸಬರಿಗೆ ನಾನು ಇದನ್ನೇ ಹೇಳೋದು. ಒಂದೇ ತಕರಾರು, ಆ ನೆರಿಗೆ ಪೇಪರ್ ಬೇರೆಯದಕ್ಕಿಂತ ತುಟ್ಟಿ.

ಮೂರನೆಯದು ಎಲ್ಲಕ್ಕಿಂತ ಹಳೆಯದು, ಕೆಳಗೆ ಗೆರೆಯ ಹಾಗೆ ಕಿರಿದಾಗುವ ಮೆಲಿಟ್ಟಾ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಅನ್ನುವ ಗೃಹಿಣಿ ಕಾಫಿಯಲ್ಲಿ ಬರುವ ಚರಟಕ್ಕೆ ರೋಸಿಹೋಗಿ, ಒಂದು ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಶಾಯಿ ಹೀರುವ ಕಾಗದ ಹಾಕಿ ಸೋಸಿದರು. ಪೇಪರ್ ಫಿಲ್ಟರ್ ಶುರುವಾದದ್ದು ಹಾಗೆ. (ಹಿತ್ತಾಳೆ, ತೂತು... ಅತ್ತೆಗೆ ಹೇಳಿದೆ. “ಮತ್ತೆ ನಮ್ಮದೇ ಅಲ್ವಾ ಅದು” ಅಂದರು.) ಇದರಲ್ಲಿ ತೂತು ಚಿಕ್ಕದು, ನೀರು ಇಳಿಯುವ ವೇಗವನ್ನು ಡ್ರಿಪ್ಪರೇ ನೋಡಿಕೊಳ್ಳುತ್ತದೆ. ಸುರಿದು ಪಕ್ಕದಲ್ಲಿ ದೋಸೆ ತಿರುವಿ ಹಾಕಬಹುದು.

ಕೆಮೆಕ್ಸ್ ಅಂತ ಇನ್ನೊಂದಿದೆ, ನಡುವಿಗೆ ಮರದ ಪಟ್ಟಿ ಕಟ್ಟಿದ ಗಾಜಿನ ಹೂಜಿ, 1941ರದ್ದು. ನೋಡೋಕೆ ಬಲು ಚೆಂದ. ಪೇಪರ್ ದಪ್ಪ, ಮೂರು ನಾಲ್ಕು ಜನಕ್ಕೆ ಮಾಡುವವರಿಗೆ ಸರಿ, ಒಬ್ಬರಿಗೆ ಬೇಡ.

ಇನ್ನು ಯಾವುದರಲ್ಲಿ ಮಾಡಿದ್ದು? ಪ್ಲಾಸ್ಟಿಕ್ ತಗೊಳ್ಳಿ. ಅಗ್ಗ, ಬಿದ್ದರೆ ಒಡೆಯಲ್ಲ, ನೀರಿನ ಬಿಸಿಯನ್ನೂ ಕಮ್ಮಿ ಎಳೆಯುತ್ತದೆ. ಪಿಂಗಾಣಿಯದು ಕಣ್ಣಿಗೆ ಚೆಂದ ನಿಜ, ಆದರೆ ಮೊದಲೇ ಬಿಸಿನೀರು ಹಾಕಿ ಕಾಯಿಸದಿದ್ದರೆ ಕಾಫಿಯ ಬಿಸಿಯನ್ನೆಲ್ಲ ಅದೇ ಕುಡಿಯುತ್ತದೆ.

ಅಳತೆ ನೋಡುವಾಗ ಪೆಟ್ಟಿಗೆ ಮೇಲಿನ ನಂಬರನ್ನೇ ಓದಿ. ವಿ60ಯಲ್ಲಿ 01 ಅಂದರೆ ಒಬ್ಬರಿಗೆ, 02ರಲ್ಲಿ ಒಂದು ಲೋಟವೂ ಆಗುತ್ತದೆ ಮೂರೂ ಆಗುತ್ತದೆ. ವೇವ್‌ನಲ್ಲಿ 155 ಚಿಕ್ಕದು, 185 ದೊಡ್ಡದು. ಪೇಪರ್ ಕಟ್ಟಿನ ಮೇಲೂ ಅದೇ ನಂಬರ್ ಇರಬೇಕು. ಮನೆಯ ಲೋಟವನ್ನೂ ಒಮ್ಮೆ ನೋಡಿಕೊಳ್ಳಿ. ಸ್ಟೀಲ್ ಲೋಟದ ಮೇಲೆ ಡ್ರಿಪ್ಪರ್ ಇಟ್ಟರೆ ಒಳಗೆ ಎಷ್ಟು ತುಂಬಿದೆ ಅಂತ ಕಾಣಲ್ಲ, ನಾನು ಎರಡು ಸಲ ಕಟ್ಟೆ ಮೇಲೆಲ್ಲ ಉಕ್ಕಿಸಿದ್ದೇನೆ. ಗಾಜಿನ ಲೋಟವೇ ವಾಸಿ.

ಪೇಪರ್ ಹಾಕುವುದರಲ್ಲೂ ಸ್ವಲ್ಪ ಗಮನ ಬೇಕು. ಕೋನ್ ಪೇಪರ್‌ಗೆ ಒಂದು ಪಕ್ಕ ಒತ್ತಿದ ಅಂಚು ಇರುತ್ತದೆ, ಅದನ್ನು ಮಡಚಿ ಬಿಡಿಸಿದರೆ ಗೋಡೆಗೆ ಸರಿಯಾಗಿ ಕೂರುತ್ತದೆ. ಮೆಲಿಟ್ಟಾದಲ್ಲಿ ಎರಡು ಅಂಚು, ಪಕ್ಕದ್ದನ್ನು ಒಂದು ಕಡೆಗೆ ಮಡಚಿದರೆ ತಳದ್ದನ್ನು ಇನ್ನೊಂದು ಕಡೆಗೆ ಮಡಚಿ. ನೆರಿಗೆ ಪೇಪರನ್ನು ಮಡಚಲೇಬೇಡಿ. ಆಮೇಲೆ ಬಿಸಿನೀರು ಹಾಯಿಸಿ, ಆ ನೀರನ್ನು ಚೆಲ್ಲಿ. ಹೀಗೆ ಮಾಡಿದರೆ ಕಾಗದದ ವಾಸನೆ ಹೋಗುತ್ತದೆ. ಕಂದು ಪೇಪರ್‌ಗೆ ಆ ವಾಸನೆ ಜಾಸ್ತಿ. ನಾನಂತೂ ಬಿಳಿಯದನ್ನೇ ತರಿಸುತ್ತೇನೆ.

ಪುಡಿ ವಿಷಯ. ಅಂಗಡಿಯಲ್ಲಿ ಫಿಲ್ಟರ್ ಕಾಫಿಗೆ ಅಂತ ಕೊಡುವ ನುಣ್ಣನೆಯ ಚಿಕೋರಿ ಪುಡಿ ಇಲ್ಲಿ ಕೆಲಸಕ್ಕೆ ಬಾರದು. ಪೇಪರಿನ ರಂಧ್ರ ಕಟ್ಟಿ ನೀರು ನಿಂತೇಬಿಡುತ್ತದೆ. ಚಿಕ್ಕಮಗಳೂರು ನಮಗೇನು ದೂರವಲ್ಲ, ಅಲ್ಲಿಂದ ಬರುವ ಅರೇಬಿಕಾ ಜಾತಿಯ ಕಾಫಿಬೀಜವನ್ನು ಚಿಕೋರಿ ಇಲ್ಲದೆ, ತರಿತರಿಯಾಗಿ ಬೀಸಿಸಿಕೊಳ್ಳಿ. ಕೋನ್‌ಗೆ ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ. ಚಪ್ಪಟೆ ತಳಕ್ಕೆ ಉಪ್ಪಿಟ್ಟಿನ ರವೆಯಷ್ಟು. ಕೆಮೆಕ್ಸ್‌ಗೆ ಇನ್ನೂ ದಪ್ಪ.

ನೀರು ನಮ್ಮೂರ ಕಡೆ ದೊಡ್ಡ ತಲೆನೋವು. ಬೋರ್‌ವೆಲ್ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಆ ನೀರಲ್ಲಿ ಕಾಫಿಯ ಹುಳಿ ಸತ್ತು ಸಪ್ಪೆಯಾಗುತ್ತದೆ. ಹಾಗಂತ ಬರೀ ಆರ್‌ಓ ನೀರು ಹಾಕಿದರೂ ರುಚಿ ಏಳಲ್ಲ, ಲವಣ ತೀರಾ ಇಲ್ಲದ ನೀರಿಗೆ ಪುಡಿಯ ರುಚಿ ಸರಿಯಾಗಿ ಬಿಡುವುದಿಲ್ಲ. ನಾನು ಮುಕ್ಕಾಲು ಪಾಲು ಕ್ಯಾನ್ ನೀರು, ಕಾಲು ಪಾಲು ನಲ್ಲಿ ನೀರು ಬೆರೆಸುತ್ತೇನೆ. ಇನ್ನು ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ದುರ್ಗ ಇನ್ನೂ ಸ್ವಲ್ಪ ಎತ್ತರ. ಹಾಗಾಗಿ ಥರ್ಮಾಮೀಟರ್ ಬೇಡ, ಕುದಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿದರೆ ಸಾಕು.

15 ಗ್ರಾಂ ಪುಡಿಗೆ 240 ಗ್ರಾಂ ನೀರು. ಮೊದಲು 40 ಗ್ರಾಂ ಸುರಿದು ಅರ್ಧ ನಿಮಿಷ ಸುಮ್ಮನಿರಿ. ಹೊಸದಾಗಿ ಹುರಿದ ಪುಡಿಯಾದರೆ ಬೋಂಡಾ ಹಾಗೆ ಉಬ್ಬಿ ಗುಳ್ಳೆ ಬಿಡುತ್ತದೆ, ಹಳೆಯದಾದರೆ ಕೆಸರಿನ ಹಾಗೆ ಬಿದ್ದಿರುತ್ತದೆ. ಉಳಿದ ನೀರನ್ನು ಎರಡು ಮೂರು ಸಲಕ್ಕೆ, ನಡುವಿನಿಂದ ಸುತ್ತುತ್ತ ಸುರಿಯಿರಿ. ಪೇಪರಿನ ಅಂಚಿಗೆ ಸುರಿದರೆ ನೀರು ಪುಡಿಯನ್ನು ಮುಟ್ಟದೆ ಪಕ್ಕದಿಂದಲೇ ಜಾರಿಹೋಗುತ್ತದೆ. ಒಟ್ಟು ಮೂರು ನಿಮಿಷದ ಹತ್ತಿರ ಮುಗಿಯಬೇಕು. ಎರಡೇ ನಿಮಿಷಕ್ಕೆ ಇಳಿದು ಹುಳಿ ಹುಳಿಯಾದರೆ ಮುಂದಿನ ಸಲ ಪುಡಿ ಇನ್ನೊಂಚೂರು ಸಣ್ಣ ಮಾಡಿ, ನಾಲ್ಕು ನಿಮಿಷ ದಾಟಿ ಕಹಿಯಾದರೆ ದಪ್ಪ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಆ ನೆರಿಗೆ ಪೇಪರ್ ಕಟ್ಟು ಇನ್ನೂ ಹಾಗೇ ಇದೆ. ಯಾರ ಹತ್ತಿರವಾದರೂ ವೇವ್ 185 ಇದ್ದರೆ ಬಂದು ತಗೊಂಡು ಹೋಗಿ, ನಾಲ್ಕೇ ಹಾಳೆ ಖರ್ಚಾಗಿದೆ.